ಅಂಗಾಲಿನ ಕೆಳಗೆ ಬಡಿದದ್ದು

ನಾನು ಕಾಲು ಮುಂದಾಗಿ ಹುಟ್ಟಿದವಳಲ್ಲ, ಗಿರಿಜಾ. ತಲೆ ಮುಂದಾಗಿಯೇ ಬಂದವಳು — ನಿನ್ನ ಹಾಗೆ, ಊರಿನ ಎಲ್ಲರ ಹಾಗೆ. ನಿನ್ನ ಮೈಮೇಲೆ ಪಾದ ಇಡುವುದಕ್ಕೆ ಎಷ್ಟೋ ವರ್ಷ ಮೊದಲೇ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಇಟ್ಟೆ. ಇಟ್ಟಾಗ ನನ್ನ ಅಂಗಾಲಿಗೆ ಏನೋ ತಿಳಿಯಿತು. ಅದನ್ನೂ ನಿನಗೆ ಹೇಳಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ನೇರವಾಗಿ ಕೇಳಿದಾಗ — ಅದಕ್ಕೆ ಆಮೇಲೆ ಬರುತ್ತೇನೆ. ಒಂದರ ಹಿಂದೆ ಒಂದು ಜೋಡಿಸಿ ಹೇಳಬೇಕು ಎಂದು ಕೂತರೆ ಯಾವುದು ಮೊದಲು, ಯಾವುದು ದೊಡ್ಡದು ಎಂದೇ ಗೊತ್ತಾಗುತ್ತಿಲ್ಲ.

ಇವತ್ತು ಶನಿವಾರ. ಬೆಳಗಿನ ಶಾಲೆ ಮುಗಿಯಿತು, ಬಿಸಿಯೂಟದ ಪಾತ್ರೆ ತೊಳೆದಿಟ್ಟೆವು, ನೀನು ನಿನ್ನ ಮನೆಗೆ ಹೋದೆ, ನಾನು ನನ್ನ ಮನೆಗೆ ಬಂದೆ. ಹೋಗುವಾಗ ನೀನು ಮತ್ತೆ ನೆನಪು ಮಾಡಿದೆ — "ನಾಳೆ ಬೆಳಿಗ್ಗೆ, ಸುನಂದಕ್ಕ. ನಾನು ಬರೋ ಹೊತ್ತಿಗೆ ಚಾಪೆ ಹಾಸಿಟ್ಟಿರು." ನಾನು ತಲೆಯಾಡಿಸಿದೆ. ಈಗ ತಟ್ಟೆಯಲ್ಲಿ ಅನ್ನ ಆರುತ್ತಿದೆ. ನಿನಗೆ ಹೇಳುವ ಮೊದಲು ಇಲ್ಲಿ ಒಮ್ಮೆ ಹೇಳಿ ನೋಡಿಕೊಳ್ಳುತ್ತಿದ್ದೇನೆ, ಬಾಯಿ ಬರುತ್ತದೋ ಇಲ್ಲವೋ ಎಂದು.

ನಿನ್ನ ಮಗಳೂ ಇದನ್ನು ಕೇಳಬೇಕು. ಅವಳು ಕೊಪ್ಪದ ಕಾಲೇಜಿಗೆ ಹೋಗುವವಳು, ಅವಳಿಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ; ಅದಕ್ಕೆ ಬಿಡಿಸಿ ಹೇಳುತ್ತೇನೆ. ಹೆರಿಗೆಯಲ್ಲಿ ಮಗುವಿನ ತಲೆ ಮೊದಲು ಬರುತ್ತದೆ. ಎಲ್ಲೋ ಒಂದೊಂದು ಮಗು ಕಾಲು ಮುಂದೆ ಮಾಡಿಕೊಂಡು ಬರುತ್ತದೆ. ಹಾಗೆ ಬಂದವರ ಪಾದಕ್ಕೆ ಉಳುಕು ತೆಗೆಯುವ ಗುಣ ಇರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸೊಂಟ ಹಿಡಿದುಕೊಂಡವರು, ಬೆನ್ನಿನಲ್ಲಿ ಚಳಕು ಬಂದವರು ಬೆಳಿಗ್ಗೆ ಬಾಯಿಗೆ ನೀರೂ ಹಾಕದೆ ಬರಬೇಕು, ಚಾಪೆಯ ಮೇಲೆ ಬೋರಲು ಮಲಗಬೇಕು. ಕಾಲು ಮುಂದಾಗಿ ಹುಟ್ಟಿದವರು ನೋವಿನ ಜಾಗದ ಮೇಲೆ ಪಾದ ಇಟ್ಟು ಒತ್ತಿ, ಹಿಮ್ಮಡಿಯವರೆಗೆ ನೀವಬೇಕು. ಆಮೇಲೆ ಬಂದವರು ಎದ್ದು, ಹಿಂದೆ ತಿರುಗಿ ನೋಡದೆ ಹೋಗಬೇಕು. ಗುಣವಾಗುವವರೆಗೆ ಯಾರಿಗೂ ಹೇಳಬಾರದು. ವಯಸ್ಸಾದವರು ಬಂದರೆ ಅವರಿಗೆ ಮೊದಲು ಕೈಮುಗಿದು ಆಮೇಲೆ ಕಾಲು ತಾಗಿಸುವುದು. ದುಡ್ಡು ಮುಟ್ಟುವ ಹಾಗಿಲ್ಲ. ಒಂದು ಚಿಪ್ಪು ಬಾಳೆಹಣ್ಣು, ಎಲೆಅಡಿಕೆ, ಅಷ್ಟೇ.

ನೆಮ್ಮಾರಿನ ನನ್ನ ತವರಿನಲ್ಲಿ ನಾನು ಲಂಗ ಹಾಕುವ ಕಾಲದಿಂದಲೇ ಜನ ನನ್ನನ್ನು ಎಬ್ಬಿಸಲು ಬರುತ್ತಿದ್ದರು. ಮೀಸೆ ಹೊತ್ತ ಗಂಡಸರು ಚಾಪೆಯ ಮೇಲೆ ಮಲಗಿ "ತುಳಿಯೇ ಕೂಸೆ, ಹೆದರಬೇಡ" ಎನ್ನುತ್ತಿದ್ದರು. ನಾನು ನಿದ್ದೆಗಣ್ಣಲ್ಲಿ ತುಳಿಯುತ್ತಿದ್ದೆ. ಅವರು ಎದ್ದು, ಸೊಂಟ ಅಲ್ಲಾಡಿಸಿ ನೋಡಿ, ನಗುತ್ತಾ ಹೋಗುತ್ತಿದ್ದರು. ಆಗ ನನಗೂ ನಂಬಿಕೆಯಿತ್ತು. ಅದು ಸುಳ್ಳಲ್ಲ.

ಮೊದಲ ಮಗುವಿನ ಬಾಣಂತನಕ್ಕೆ ತವರಿಗೆ ಹೋಗಿದ್ದೆ. ಬಾಣಂತಿಯ ಕೋಣೆಯಲ್ಲಿ ಅಮ್ಮಂದಿರು ತಮ್ಮ ಹೆರಿಗೆಯ ಕತೆ ಹೇಳುತ್ತಾರಲ್ಲ, ಹಾಗೆ ಒಂದು ದಿನ ಅಮ್ಮ ನನ್ನ ತಲೆಗೆ ಎಣ್ಣೆ ಒತ್ತುತ್ತಾ ಹೇಳಿದಳು. "ನೀ ತಲೆ ಮುಂದಾಗೇ ಬಂದವಳು ಕಣೇ. ಕಾಲು ಮುಂದೆ ಮಾಡಿ ಬಂದದ್ದು ನಿನ್ನ ಜೊತೆಗಿದ್ದ ಗಂಡು. ಅದು ಅಳಲೇ ಇಲ್ಲ." ಸೂಲಗಿತ್ತಿ ಹೊರಗೆ ಹೋಗಿ ಒಂದು ಮಗು ಕಾಲು ಮುಂದಾಗಿ ಬಂತು ಎಂದಿದ್ದಳಂತೆ. ನಾಮಕರಣದ ಹೊತ್ತಿಗೆ ತೊಟ್ಟಿಲಲ್ಲಿ ಇದ್ದದ್ದು ನಾನೊಬ್ಬಳೇ. ಇದ್ದವಳಿಗೇ ಆ ಮಾತು ಅಂಟಿಕೊಂಡಿತು.

"ನೀ ಎಂತಕ್ಕೆ ಜನಕ್ಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ಅದರ ಸುದ್ದಿ ಎತ್ತಬೇಕಾಗ್ತಿತ್ತಲ್ಲ," ಎಂದಳು.

ಅವಳಿಗೆ ಕಾರಣ ಇತ್ತು. ನನಗೆ? ಯೋಚಿಸಿದರೆ ನನಗೆ ಯಾವ ಕಾರಣವೂ ಇರಲಿಲ್ಲ — ಇಷ್ಟವಾಗಿತ್ತು, ಅಷ್ಟೇ. ಆಮೇಲೂ ಜನ ಬಂದರು, ನಾನು ತುಳಿದೆ, ಅವರಿಗೆ ಗುಣವೂ ಆಯಿತು. ಇದೇ ನೋಡು ನನ್ನನ್ನು ಗೊಂದಲಕ್ಕೆ ಹಾಕಿದ್ದು. ಸುಳ್ಳು ಕಾಲು ನಿಜವಾದ ನೋವನ್ನು ಹೇಗೆ ತೆಗೆಯಿತು? ಉಳುಕು ತಾನಾಗಿಯೇ ಹೋಗುವಂಥದ್ದು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಯೋಚಿಸುವ ಮನಸ್ಸಿರಲಿಲ್ಲ. ಹುಟ್ಟಿದ್ದು ಹೇಗಾದರೇನು, ಕೈಗುಣದ ಹಾಗೆ ಕಾಲ್ಗುಣವೂ ಬೆಳೆದು ಬಂದಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡಲಿಲ್ಲ.

ಮದುವೆಯಾಗಿ ಶೆಟ್ಟಿಕೊಪ್ಪದ ಕಡೆ ಬಂದಾಗ ಈ ಹೆಸರು ನನಗಿಂತ ಮೊದಲೇ ಇಲ್ಲಿಗೆ ಬಂದಿತ್ತು. ನಮ್ಮ ಮನೆಯವರು ತೀರಿಕೊಂಡ ಮೇಲೆ ಶಾಲೆಯ ಅಡುಗೆ ಕೆಲಸಕ್ಕೆ ಸೇರಿದೆ. ಅಲ್ಲಿ ನೀನಿದ್ದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಕೆಲಸದಲ್ಲಿ ದೊಡ್ಡವಳು: ನೀನು ಮುಖ್ಯ ಅಡುಗೆಯವಳು, ನಾನು ಸಹಾಯಕಿ. ಸಾಂಬಾರಿಗೆ ಉಪ್ಪು ಹಾಕಬೇಕಾದರೆ ನಿನ್ನ ಮುಖ ನೋಡಬೇಕು. ಬೇಳೆ ಬೆಂದಿದೆ ಎಂದರೆ ನೀನು ಮತ್ತೊಮ್ಮೆ ಹಿಚುಕಿ ನೋಡುತ್ತಿದ್ದೆ. ನನಗೆ ಉರಿಯುತ್ತಿತ್ತು, ಗಿರಿಜಾ. ನೀನು ಒಳ್ಳೆಯವಳು ಎಂಬುದಕ್ಕೂ ಉರಿಯುತ್ತಿತ್ತು. ಆದರೆ ನಿನಗೆ ಬಾರದ ಒಂದು ಕೆಲಸದಲ್ಲಿ ನಾನು ದೊಡ್ಡವಳು — ಹೆಡ್‌ಮೇಷ್ಟ್ರೇ ಬೆನ್ನು ಹಿಡಿದುಕೊಂಡು ಬಂದು ನನ್ನ ಚಾಪೆಯ ಮೇಲೆ ಮಲಗಿ ಹೋಗಿದ್ದರು. ಆ ದಿನ ನಾನು ನಿನ್ನನ್ನು ಕೇಳದೆ ಉಪ್ಪು ಹಾಕಿದೆ.

ಈಗ ನಗು ಬರುತ್ತದೆ. ಬರಬಾರದು.

ಆರೇಳು ವರ್ಷದ ಹಿಂದಿನ ಮಾತು. ಸಂಕ್ರಾಂತಿಯ ಆಸುಪಾಸು, ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಸೆಟೆಯುವಂಥ ಚಳಿ. ಮೆಟ್ಟುಗತ್ತಿಯ ಮೇಲೆ ಕೂತು ಕುಂಬಳಕಾಯಿ ಹೆಚ್ಚುವಾಗ ನೀನು ಒಂದು ಕಡೆಗೆ ವಾಲಿ ಕೂರುವುದನ್ನು ನಾನು ಕೆಲವು ದಿನಗಳಿಂದ ನೋಡುತ್ತಿದ್ದೆ. ಕೇಳಿದರೆ "ಎಂತ ಇಲ್ಲ" ಎನ್ನುತ್ತಿದ್ದೆ. ಕೊನೆಗೆ ಒಂದು ದಿನ ಮಕ್ಕಳೆಲ್ಲ ಒಳಗೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದೆ.

"ಸುನಂದಕ್ಕ, ಕೂರೋ ಜಾಗದಲ್ಲಿ ಒಂದು ಗಂಟಾಗಿದೆ. ಬಲಗಡೆ. ಕೂತ್ರೆ ನೋವು ತೊಡೆ ಹಿಂದಿನಿಂದ ಹಿಮ್ಮಡಿವರೆಗೆ ಇಳೀತದೆ. ಇವರಿಗೂ ಹೇಳಿಲ್ಲ ಮಾರಾಯ್ತಿ, ನಾಚ್ಕೆ."

"ಉಷ್ಣದ ಕುರು ಇರ್ಬೇಕು," ಎಂದೆ.

"ಕುರು ಆದ್ರೆ ಹಣ್ಣಾಗ್ಬೇಕಲ್ಲ? ಇದು ವರ್ಷದಿಂದ ಹಾಗೇ ಇದೆ. ನೀ ಒಂದ್ಸಲ ಕಾಲು ತಾಗಿಸು."

ಡಾಕ್ಟರಿಗೆ ತೋರಿಸು ಎಂದು ಹೇಳಬಹುದಿತ್ತು. ಎನ್.ಆರ್. ಪುರ ಏನು ದೂರವೇ? ಆದರೆ ನೀನು — ನನ್ನ ಬೇಳೆಯನ್ನು ಹಿಚುಕಿ ನೋಡುವ ನೀನು — ನನ್ನ ಹತ್ತಿರ ಬಂದಿದ್ದೆ. ನನಗೆ ಅದೇ ಸಾಕಾಗಿತ್ತು.

ಮಾರನೆಯ ಬೆಳಿಗ್ಗೆ ನೀನು ಶಾಲು ಹೊದ್ದು ಬಂದು, ಒಂದು ಮಾತೂ ಆಡದೆ ಚಾಪೆಯ ಮೇಲೆ ಮಲಗಿದೆ. ನಾನು ನೀನು ತೋರಿಸಿದ ಜಾಗದ ಮೇಲೆ ಪಾದ ಇಟ್ಟೆ. ಸೀರೆಯ ಮೇಲಿಂದಲೇ ಗಂಟು ಗೊತ್ತಾಯಿತು, ದೊಡ್ಡ ನಿಂಬೆಹಣ್ಣಿನಷ್ಟು. ಸ್ವಲ್ಪ ಒತ್ತಿದೆ.

ಅದು ಬಡಿಯಿತು.

ಕೋಳಿಮರಿಯನ್ನು ಅಂಗೈಯಲ್ಲಿ ಹಿಡಿದಾಗ ಅದರ ಎದೆ ಹೊಡೆದುಕೊಳ್ಳುತ್ತದಲ್ಲ, ಹಾಗೆ. ಆದರೆ ಅಷ್ಟು ಬೇಗಬೇಗ ಅಲ್ಲ. ನಿಧಾನವಾಗಿ, ಗಟ್ಟಿಯಾಗಿ, ನನ್ನ ಪಾದವನ್ನೇ ಎತ್ತಿ ಇಳಿಸುವ ಹಾಗೆ. ಕೀವು ತುಂಬಿದ ಕುರುವೂ ಡವಡವ ಎನ್ನುತ್ತದೆ, ಅದು ನೋವು ತಿನ್ನುವವರಿಗೆ. ಮುಟ್ಟಿದವರಿಗೆ ಹೀಗೆ ಬಡಿಯುವುದಿಲ್ಲ. ಎಷ್ಟು ಮಕ್ಕಳ ಕುರುವಿಗೆ ಸುಣ್ಣ-ಬೆಲ್ಲ ಹಚ್ಚಿದವಳು ನಾನು, ನನಗೆ ಇಷ್ಟು ಗೊತ್ತಿತ್ತು. ಇದು ಕುರು ಅಲ್ಲ, ಉಳುಕೂ ಅಲ್ಲ. ಇದು ಬೇರೆ ಏನೋ.

ಇಲ್ಲಿಂದ ಮುಂದೆ ನನಗೆ ನನ್ನ ಮನಸ್ಸೇ ಅರ್ಥವಾಗುವುದಿಲ್ಲ, ಗಿರಿಜಾ. ಹೆದರಿದ್ದು ನಿಜ. ಅದರ ಬೆನ್ನಿಗೇ ಇನ್ನೊಂದು ಬಂತು — ಇದು ನನ್ನ ಕಾಲಿನ ಶಕ್ತಿ ಇರಬಹುದೇ? ಅಮ್ಮ ತಪ್ಪು ತಿಳಿದಿರಬಹುದೇ? ಅಥವಾ ಆ ಅಳದ ತಮ್ಮ ತನ್ನ ಗುಣ ನನಗೆ ಬಿಟ್ಟುಹೋಗಿರಬಹುದೇ? ಇಷ್ಟು ವರ್ಷ ಎಷ್ಟು ಜನರನ್ನು ತುಳಿದಿದ್ದೆ, ಒಂದು ಸಲವೂ ಕಾಲಿನ ಕೆಳಗೆ ಏನೂ ಆಗಿರಲಿಲ್ಲ. ಈಗ ಮೊದಲ ಸಲ ಏನೋ ನನಗೆ ಉತ್ತರ ಕೊಡುತ್ತಿತ್ತು. ಸುಳ್ಳೆಂದು ಗೊತ್ತಿದ್ದವಳಿಗೇ ಆ ಕ್ಷಣ ತನ್ನ ಸುಳ್ಳಿನ ಮೇಲೆ ನಂಬಿಕೆ ಬಂದುಬಿಟ್ಟಿತು. ಇದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ? ನನಗೇ ನಂಬಲು ಆಗುವುದಿಲ್ಲ.

ನೀನು ಎದ್ದು, ಬಾಗಿಲಿನವರೆಗೆ ಹೋಗಿ, ನಿಯಮದಂತೆ ತಿರುಗದೆಯೇ ಕೇಳಿದೆ: "ಎಂತ ಗೊತ್ತಾಯ್ತು, ಸುನಂದಕ್ಕ?"

"ಎಂತ ಇಲ್ಲ. ನರ ಸರಿದಿದೆ. ಇನ್ನೆರಡು ದಿನ ಬಾ, ಕೂತ್ಕೊಳ್ತದೆ."

ನೀನು ತಿರುಗಿದ್ದರೆ ನನ್ನ ಮುಖ ನೋಡುತ್ತಿದ್ದೆ. ನೋಡಿದ್ದರೆ ನಿನಗೆ ಗೊತ್ತಾಗುತ್ತಿತ್ತು. ಸಾಂಬಾರು ತಳ ಹಿಡಿದದ್ದನ್ನು ನನ್ನ ಮುಖ ನೋಡಿಯೇ ಹೇಳುವವಳು ನೀನು. ಹಿಂದೆ ನೋಡಬಾರದು ಎಂಬ ಒಂದು ನಿಯಮ ನನ್ನನ್ನು ಕಾಪಾಡಿತು.

ನೀನು ಇನ್ನೆರಡು ಬೆಳಿಗ್ಗೆ ಬಂದೆ. ಕೊನೆಯ ದಿನ ನಾನು ಜೋರಾಗಿ ಒತ್ತಿದೆನೇ? ಇದನ್ನು ಎಷ್ಟು ಸಲ ನೆನಪು ಮಾಡಿಕೊಂಡಿದ್ದೇನೆ ಎಂದರೆ ಈಗ ನೆನಪು ಯಾವುದು, ಕಲ್ಪನೆ ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಒಂದು ಸಲ ಅನ್ನಿಸುತ್ತದೆ, ಹಗುರವಾಗಿ ಇಟ್ಟಿದ್ದೆ ಎಂದು. ಇನ್ನೊಂದು ಸಲ ಹಿಮ್ಮಡಿಯ ಭಾರವೆಲ್ಲ ಹಾಕಿ, ಗೋಡೆ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟುತ್ತದೆ. ಆ ಬಡಿತ ಮತ್ತೆ ಸಿಗಲಿ ಎಂದು ಹುಡುಕಿದ್ದು ಮಾತ್ರ ಖಂಡಿತ. ಸಿಕ್ಕಿತು ಕೂಡ. ಒತ್ತಿದಷ್ಟೂ ಸಿಕ್ಕಿತು.

ಅದೇ ದಿನ ಮಧ್ಯಾಹ್ನ ಮಕ್ಕಳಿಗೆ ಬಡಿಸಿ ಮುಗಿಯುವ ಹೊತ್ತಿಗೆ ನೀನು ಕಂಬಕ್ಕೆ ಒರಗಿ ನಿಂತೆ. "ಬಲಗಾಲು ಜೋಮು ಹಿಡಿದಿದೆ, ಚಪ್ಪಲಿ ಹಾಕಿದ್ದೇ ಗೊತ್ತಾಗಲ್ಲ" ಎಂದೆ. ಮುಟ್ಟಿ ನೋಡಿದರೆ ಪಾದ ತಣ್ಣಗೆ, ಬೆರಳುಗಳೆಲ್ಲ ಬಿಳಿಚಿಕೊಂಡಿದ್ದವು. ಚಳಿಗೆ ಎಂದರು ಎಲ್ಲರೂ. ನಾನೂ ಎಂದೆ. ಬಿಸಿನೀರು ಹಾಕಿದೆ, ಕೊಬ್ಬರಿ ಎಣ್ಣೆ ತಿಕ್ಕಿದೆ. ನೀನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಇನ್ನೊಂದು ಕಾಲು ಬೆಚ್ಚಗಿತ್ತು — ಅದೇ ಚಳಿಯಲ್ಲಿ, ಅದೇ ನೆಲದ ಮೇಲೆ. ಒಂದೇ ಕಾಲಿಗೆ ಚಳಿಯಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಸಂಜೆ ಬೆರಳುಗಳು ನೀಲಿಗಟ್ಟಿದ ಮೇಲೆ ನಿನ್ನ ಗಂಡ ನಾಗರಾಜ ಜೀಪು ಮಾಡಿಸಿದ. ಎನ್.ಆರ್. ಪುರದಲ್ಲಿ ನೋಡಿದವರು ನಿಲ್ಲಿಸಿಕೊಳ್ಳಲೇ ಇಲ್ಲ, ಶಿವಮೊಗ್ಗಕ್ಕೆ ಕಳಿಸಿದರು. ನಾನೂ ಜೊತೆಗೆ ಹೋದೆ. ನಿನ್ನ ತಲೆ ನನ್ನ ತೊಡೆಯ ಮೇಲಿತ್ತು.

ಅಲ್ಲಿ ಸ್ಕ್ಯಾನ್ ಮಾಡಿದ ಮೇಲೆ ರಕ್ತನಾಳದ ಡಾಕ್ಟರಮ್ಮ ಹೊರಗೆ ಬಂದು ನಮಗೆ ಅರ್ಥವಾಗುವ ಹಾಗೆ ಹೇಳಿದರು. ತಾಯಿಯ ಹೊಟ್ಟೆಯಲ್ಲಿ ಬೆಳೆಯುವಾಗ ಎಲ್ಲರಿಗೂ ಕಾಲಿಗೆ ರಕ್ತ ಹೋಗುವುದು ಹಿಂಭಾಗದಿಂದ, ನಾವು ಕೂರುವ ಜಾಗದ ಒಳಗಿಂದ. ಹುಟ್ಟುವುದಕ್ಕೆ ತುಂಬ ಮೊದಲೇ ತೊಡೆಯ ಮುಂದುಗಡೆ ಬೇರೆ ನಾಳ ಬೆಳೆದು, ಹಿಂದಿನದು ಮಾಯವಾಗುತ್ತದೆ. ನಿನಗೆ ಅದು ಮಾಯವಾಗಿಲ್ಲ. ಮುಂದಿನ ನಾಳ ಸರಿಯಾಗಿ ಬೆಳೆದಿಲ್ಲ. ಇಡೀ ಕಾಲು ಆ ಹಳೆಯ ನಾಳದ ಮೇಲೆಯೇ ನಿಂತಿದೆ. ಇಷ್ಟು ವರ್ಷ ಅದರ ಮೇಲೆ ಕೂತು ಕೂತು ಅದರ ಗೋಡೆ ಸಡಿಲಾಗಿ, ಉಬ್ಬಿ, ಗಂಟಿನ ಹಾಗೆ ಆಗಿದೆ. ಉಬ್ಬಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಚೂರುಗಳು ಕೆಳಗೆ ಇಳಿದು ಪಾದದ ನಾಳಗಳನ್ನು ಮುಚ್ಚಿವೆ. "ತುಂಬಾ ಅಪರೂಪ. ನಾನು ಪುಸ್ತಕದಲ್ಲಿ ಓದಿದ್ದೆ, ನೋಡ್ತಿರೋದು ಇವರಲ್ಲೇ ಮೊದಲು," ಎಂದರು.

ನಿನ್ನ ಕಾಲಿಗೆ ಹುಟ್ಟಿನಿಂದ ಬಂದ ವಿಶೇಷ ನಿಜವಾಗಿಯೂ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ನನ್ನ ಕಾಲಿಗೆ ಇರಲೇ ಇಲ್ಲ, ಅದು ಮೂರು ತಾಲ್ಲೂಕಿಗೆ ಗೊತ್ತಿತ್ತು.

ನಾಗರಾಜ ಔಷಧಿ ತರಲು ಕೆಳಗೆ ಓಡಿದ. ನಿನಗೆ ನೋವಿನ ಇಂಜೆಕ್ಷನ್ ಕೊಟ್ಟಿದ್ದರು, ಮಂಪರಿನಲ್ಲಿದ್ದೆ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಆ ಗಂಟನ್ನ ಯಾರಾದ್ರೂ ತಿಕ್ಕಿದ್ರಾ ಅಮ್ಮಾ? ಒತ್ತಿದ್ರಾ? ಹಳ್ಳಿ ಔಷಧಿ ಏನಾದ್ರೂ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಸೀರೆಯ ನೆರಿಗೆಯೊಳಗೆ ಪಾದ ಎಳೆದುಕೊಂಡೆ. ಅವರಿಗೆ ಅದು ಕಾಣಿಸಲಿಲ್ಲ.

"ಇಲ್ಲ ಮೇಡಂ. ಯಾರೂ ಮುಟ್ಟಿಲ್ಲ."

ಅವರು ಸರಿ ಎಂದು ಒಳಗೆ ಹೋದರು. ಹೆಪ್ಪನ್ನು ತೆಗೆದು ನೋಡಿದರು, ಪಾದಕ್ಕೆ ರಕ್ತ ಇಳಿಯಲಿಲ್ಲ. ಮೇಲಿನ ಗಂಟನ್ನು ಸರಿಮಾಡಿದರು. ಆದರೆ ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು.

ನಾನು ನಿಜ ಹೇಳಿದ್ದರೆ ನಿನ್ನ ಕಾಲು ಉಳಿಯುತ್ತಿತ್ತೇ? ಗೊತ್ತಿಲ್ಲ. ನಾನು ತುಳಿಯದಿದ್ದರೂ ಆ ಚೂರುಗಳು ಇಳಿಯುತ್ತಿದ್ದವೇ? ಇಳಿಯುತ್ತಿದ್ದವೇನೋ — ದಿನವೂ ಅದರ ಮೇಲೆ ಕೂರುತ್ತಿದ್ದೆಯಲ್ಲ. ಮೊದಲ ದಿನವೇ "ಇದು ಬಡೀತಿದೆ, ನಡಿ ಆಸ್ಪತ್ರೆಗೆ" ಎಂದಿದ್ದರೆ? ಇದಕ್ಕೆ ಮಾತ್ರ ಉತ್ತರ ಗೊತ್ತು ಎಂದು ನನ್ನ ಭಯ ಹೇಳುತ್ತದೆ. ಕೇಳಬೇಕಾದರೆ ಡಾಕ್ಟರನ್ನೇ ಕೇಳಬೇಕು, ಕೇಳಬೇಕಾದರೆ ಮೊದಲು ಹೇಳಬೇಕು. ಹೀಗೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತೇನೆ. ನನ್ನ ತಪ್ಪು ಎಷ್ಟು ಎಂದು ಅಳೆಯಲು ಸೇರು-ಪಾವು ಯಾವುದೂ ಸಿಗಲಿಲ್ಲ.

ನೀನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೀನು ಬೈಯಲಿಲ್ಲ. ಕೃತಕ ಕಾಲು ಹಾಕಿಸಿಕೊಂಡು ಮತ್ತೆ ಅಡುಗೆಮನೆಗೆ ಬಂದೆ. ಮೆಟ್ಟುಗತ್ತಿಯ ಮೇಲೆ ಕೂರಬಾರದು ಎಂದು ಹೆಡ್‌ಮೇಷ್ಟ್ರು ಎತ್ತರದ ಮೇಜು ಹಾಕಿಸಿಕೊಟ್ಟರು. "ಬಲಗಾಲಿನ ಚಪ್ಪಲಿ ಸವೆಯೋದೇ ಇಲ್ಲ ಮಾರಾಯ್ತಿ, ಅಂಗಡಿಯವ್ನು ಒಂದು ಕಾಲಿಂದು ಕೊಡ್ತಾನಾ ಕೇಳ್ಬೇಕು" ಎಂದು ನೀನೇ ಎಲ್ಲರನ್ನೂ ನಗಿಸಿದೆ. ಆ ನಗುವಿನಲ್ಲಿ ನಾನೂ ಸೇರಿದೆ. ಅದರ ಹಿಂದೆಯೇ, ಬೇಳೆ ತೊಳೆಯುತ್ತಾ, ನೀನು ಹೇಳಿದ ಮಾತು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಕರಗದೆ ಕೂತಿದೆ.

"ನಂದೇ ತಪ್ಪು, ಸುನಂದಕ್ಕ. ನಾಚ್ಕೆ ಮಾಡ್ಕಂಡು ವರ್ಷ ಕಳೆದೆ. ಗಂಟು ಕಂಡ ದಿನವೇ ನಿನ್ನ ಹತ್ರ ಬಂದಿದ್ರೆ ನನ್ನ ಕಾಲು ಉಳೀತಿತ್ತು."

ನಾನು ಸೌಟು ತಿರುವುತ್ತಿದ್ದೆ. ತಿರುವುತ್ತಲೇ ಇದ್ದೆ.

ಆಮೇಲೆ ನೀನು ಜನರನ್ನು ನನ್ನ ಹತ್ತಿರ ಕಳಿಸತೊಡಗಿದೆ. ಕಿಗ್ಗದಿಂದ ಬಂದವರು, ಕೊಪ್ಪದಿಂದ ಬಂದವರು, ಎಲ್ಲರೂ "ಗಿರಿಜಮ್ಮ ಹೇಳಿದ್ರು" ಎಂದೇ ಬರುತ್ತಿದ್ದರು. ಕಾಲು ಕಳೆದುಕೊಂಡವಳೇ ಹೇಳಿದ ಮೇಲೆ ಯಾರು ನಂಬುವುದಿಲ್ಲ? ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ, ಬೇಡ ಎಂದರೆ ಕಾರಣ ಹೇಳಬೇಕಲ್ಲ. ಕಾಲು ಇಡುವ ಮೊದಲು ಕೈಯಿಂದ ಮುಟ್ಟಿ, ಏನಾದರೂ ಬಡಿಯುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಅವರು ನಾನು ಮಂತ್ರ ಹಾಕುತ್ತಿದ್ದೇನೆ ಎಂದುಕೊಂಡರು. ನನ್ನ ಭಯದಿಂದಲೂ ನನ್ನ ಹೆಸರು ಬೆಳೆಯಿತು.

ಇದು ಹೀಗೇ ಹೋಗುತ್ತಿತ್ತು, ಗಿರಿಜಾ. ನಾನು ಸಾಯುವವರೆಗೆ ಹೇಳುತ್ತಿರಲಿಲ್ಲ. ನನ್ನನ್ನು ನಾನು ಅಷ್ಟು ಬಲ್ಲೆ. ಪಶ್ಚಾತ್ತಾಪಕ್ಕೆ ನನ್ನ ಬಾಯಿ ಬಿಡಿಸುವ ಶಕ್ತಿ ಇರಲಿಲ್ಲ.

ಆದರೆ ಮೊನ್ನೆ ಮಂಗಳವಾರ ನೀನು ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ಬೀನ್ಸ್ ಮುರಿಯುತ್ತಾ, ಬಲಕ್ಕೆ ವಾಲಿದೆ. ನಾನು ನೋಡಿದೆ.

"ಎಡಗಡೆ ಸುರುವಾಗಿದೆ ಸುನಂದಕ್ಕ," ಎಂದೆ ನೀನು. ನಗುತ್ತಲೇ ಹೇಳಿದೆ. "ಹೋದ ಸಲದ ಹಾಗೇ. ಈ ಸಲ ನಾನು ತಡ ಮಾಡಲ್ಲ. ಮೊದಲು ನೀನು, ಆಸ್ಪತ್ರೆ ಆಮೇಲೆ. ಭಾನುವಾರ ಬರ್ತೀನಿ."

ಆಗ ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರಮ್ಮ ಹೇಳಿದ್ದು ನಿನಗೆ ಮರೆತಿದೆಯೋ, ಮರೆಯಬೇಕೆಂದೇ ಮರೆತೆಯೋ. ನನಗೆ ಮರೆತಿಲ್ಲ. ಎಡಗಾಲಿನಲ್ಲೂ ಅದೇ ಹಳೆಯ ನಾಳ ಇದೆ, ಸದ್ಯಕ್ಕೆ ಉಬ್ಬಿಲ್ಲ. ವರ್ಷಕ್ಕೊಮ್ಮೆ ಬಂದು ಸ್ಕ್ಯಾನ್ ಮಾಡಿಸಬೇಕು. ಕೂರುವಾಗ ನೋವು ಬಂದರೆ, ಗಂಟು ಕಂಡರೆ, ಪಾದ ತಣ್ಣಗಾದರೆ ಅದೇ ದಿನ ಬರಬೇಕು. ನೀನು ಎರಡು ಸಲ ಹೋದೆ, ಆಮೇಲೆ ಬಿಟ್ಟೆ. "ಪ್ರತೀ ಸಲ ಎಂತ ಇಲ್ಲ ಅಂತಾರೆ, ಒಂದು ದಿನ ಪೂರ್ತಿ ಹೋಗ್ತದೆ" ಎಂದಿದ್ದೆ. ನಾನು ಸುಮ್ಮನಿದ್ದೆ. ಆಸ್ಪತ್ರೆಯ ಸುದ್ದಿ ಬಂದರೆ ನನಗೆ ಆ ಪ್ರಶ್ನೆ ನೆನಪಾಗುತ್ತದೆ, ಅದಕ್ಕೆ ನೀನು ಹೋಗದಿದ್ದರೇ ನನಗೆ ಹಗುರ. ಇದನ್ನೂ ಸೇರಿಸಿಕೋ.

ಮಂಗಳವಾರ ನಾನು ಏನೆಂದೆ ಎಂಬುದು ನಿನಗೆ ಗೊತ್ತಿದೆ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು, ನನ್ನ ಕೈಯಲ್ಲಿ ಸೌಟು ಇತ್ತು. "ಆಯ್ತು, ಬಾ," ಎಂದೆ. ಮತ್ತೆ ಅದನ್ನೇ ಎಂದೆ! ಯಾಕೆ? ನಾಲ್ಕು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಅಭ್ಯಾಸವೇ? ಹೆದರಿಕೆಯೇ? ಅಥವಾ ಆ ಹಳೆಯ ಹುಚ್ಚು ಇನ್ನೂ ಒಳಗೆಲ್ಲೋ ಉಳಿದಿದೆಯೇ — ಈ ಸಲ ನಿಜವಾಗಿಯೂ ಗುಣವಾಗಿಬಿಟ್ಟರೆ, ಹಿಂದಿನದೆಲ್ಲ ತೊಳೆದುಹೋಗುತ್ತದೆ ಎಂಬ ಆಸೆ? ಅದೇ ಇರಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಅದೇ ಇರಬೇಕು.

ನಿನಗೆ ಉಳಿದಿರುವುದು ಒಂದು ಕಾಲು.

ನೀನು ಇದನ್ನು ಕೇಳಿ ಏನು ಮಾಡುತ್ತೀಯೋ ನನಗೆ ತಿಳಿಯದು. ಸೌಟಿನಲ್ಲಿ ಹೊಡೆಯಬಹುದು. ನಂಬದೆಯೂ ಇರಬಹುದು, ಅದೇ ನನಗೆ ಹೆಚ್ಚು ಭಯ — "ಸುಮ್ಮನೆ ಎಂತೆಂತದೋ ಹೇಳ್ಬೇಡ, ನಿನ್ನ ಕಾಲ್ಗುಣ ನನಗೆ ಗೊತ್ತಿಲ್ವಾ" ಎಂದು ಚಾಪೆಯ ಮೇಲೆ ಮಲಗಿಬಿಟ್ಟರೆ? ನಾನು ಕಾಲು ಎತ್ತುವುದಿಲ್ಲ. ನೀನು ಎಷ್ಟು ಹೊತ್ತು ಮಲಗಿದರೂ ಎತ್ತುವುದಿಲ್ಲ. ನಾಗರಾಜನಿಗೂ ಹೇಳುತ್ತೇನೆ, ನಿನ್ನ ಮಗಳಿಗೂ. ಊರಿಗೆ ಗೊತ್ತಾಗಲಿ. ಇನ್ನು ಮೇಲೆ ನನ್ನ ಬಾಗಿಲಿಗೆ ಬಂದವರಿಗೆಲ್ಲ ಅಮ್ಮ ಹೇಳಿದ್ದನ್ನು ಹೇಳುತ್ತೇನೆ. ಅವಳು ಎತ್ತಲು ಹೆದರಿದ ಆ ಸುದ್ದಿಯನ್ನು ನಾನೇ ಎತ್ತುತ್ತೇನೆ.

ಆದರೆ ಇದೇನು, ನಾಳೆ ಬೆಳಗಿನ ಮಾತು ಆಡುತ್ತಿದ್ದೇನೆ. ಡಾಕ್ಟರಮ್ಮ ಅದೇ ದಿನ ಎಂದಿದ್ದರು. ಅದೇ ದಿನ ಹೋಗಿ ನಾಲ್ಕು ದಿನವಾಯಿತು, ಆ ನಾಲ್ಕು ದಿನವನ್ನೂ ನಾನೇ ತಿಂದೆ. ನಾಳೆಯವರೆಗೆ ಕಾಯುವುದು ಯಾಕೆ? ನಾನೀಗ ತಟ್ಟೆ ಮುಚ್ಚಿಟ್ಟು ನಿನ್ನ ಮನೆಗೆ ಹೊರಟೆ. ಶಿವಮೊಗ್ಗದ ಸಂಜೆ ಬಸ್ಸು ಇನ್ನೂ ಹೋಗಿಲ್ಲ. ಅಲ್ಲಿ ಅವರು ಮತ್ತೆ ಕೇಳುತ್ತಾರೆ, ಯಾರಾದರೂ ಮುಟ್ಟಿದ್ದರೇ ಎಂದು. ನೀನು ಬಾಯಿ ತೆರೆಯುವ ಮೊದಲು ನಾನು ಹೇಳುತ್ತೇನೆ, ಹಿಂದಿನದನ್ನೂ ಸೇರಿಸಿ.

ನೀನು ಜಗಲಿಯಲ್ಲಿ ಕಾಲು ಚಾಚಿ ಕೂತಿರುತ್ತೀಯ, ಈ ಹೊತ್ತಿಗೆ ಯಾವಾಗಲೂ ಹಾಗೇ. ನಾನು ಬಂದವಳೇ, ಏನೂ ಹೇಳುವುದಕ್ಕೆ ಮೊದಲು, ಬಗ್ಗಿ ನಿನ್ನ ಎಡಪಾದ ಹಿಡಿಯುತ್ತೇನೆ. ದೊಡ್ಡವಳು ಚಿಕ್ಕವಳ ಕಾಲು ಮುಟ್ಟಬಾರದು ಎಂದು ನೀನು ಗಾಬರಿಯಾಗಿ ಎಳೆದುಕೊಳ್ಳುತ್ತೀಯ. ಎಳೆದುಕೊಳ್ಳಬೇಡ, ಗಿರಿಜಾ. ಬೆಚ್ಚಗಿದೆಯೋ ಇಲ್ಲವೋ ನೋಡಬೇಕು.